ಮಗುಚಿದ ದಿಂಬುಗಲ್ಲು

ಆ ಹಸಿರುಕಲ್ಲಿನ ಪಟ್ಟಿ ನನ್ನದು. ಹೀಗಂದರೆ ನಮ್ಮಮ್ಮ ನಗುತ್ತಾಳೆ. "ಮುನ್ನೂರು ಕೋಟಿ ವರ್ಷದಿಂದ ಬಿದ್ದಿರೋ ಕಲ್ಲು ನಿಂದು ಹೇಗಾಗುತ್ತೆ? ಪತ್ರ ಗಿತ್ರ ಮಾಡಿಸ್ಕೊಂಡಿದೀಯಾ?" ಎನ್ನುತ್ತಾಳೆ. ಪತ್ರ ಇಲ್ಲ, ನಿಜ. ಆದರೆ ಮದುವೆಯಾಗುವ ವಯಸ್ಸನ್ನೆಲ್ಲ ಅದರ ಮೇಲೆ ನಡೆದು ಸವೆಸಿದವಳು ನಾನು. ನನ್ನ ಎರಡೂ ಹಿಮ್ಮಡಿ ಒಡೆದದ್ದು ಅಲ್ಲಿಯೇ. ನಮ್ಮ ಭೂವಿಜ್ಞಾನ ಇಲಾಖೆಯಲ್ಲಿ ಯಾರನ್ನು ಕೇಳಿದರೂ ಆ ಪಟ್ಟಿ ಅಂದರೆ ನನ್ನ ಹೆಸರು ಹೇಳುತ್ತಾರೆ. ಹೇಳುತ್ತಿದ್ದರು ಅನ್ನಬೇಕು. ನನ್ನ ತಂಗಿ ಅದೇ ಇಲಾಖೆಗೆ ಸೇರುವವರೆಗೆ.

ಮನೆಯಲ್ಲಿ ಅವಳಿಗೆ ಚೂಟಿ ಅಂತಲೇ ಹೆಸರು. ನನಗಿಂತ ಒಂಬತ್ತು ವರ್ಷ ಚಿಕ್ಕವಳು. ಅವಳಿಗೆ ಅಕ್ಷರ ತಿದ್ದಿಸಿದವಳು ನಾನು, ಸೈಕಲ್ಲು ಕಲಿಸಿದವಳು ನಾನು, ಕೈಗೆ ಮೊದಲು ದಿಕ್ಸೂಚಿ ಕೊಟ್ಟವಳೂ ನಾನೇ. ಈಗ ಅನ್ನಿಸುತ್ತದೆ, ಸುಮ್ಮನೆ ಒಂದು ಗೊಂಬೆ ಕೊಟ್ಟಿದ್ದರೆ ಸಾಕಿತ್ತು. ಅವಳು ಬಂದರೆ ಜೀಪಿನ ಡ್ರೈವರ್ ಮುಂದಿನ ಸೀಟು ಒರೆಸುತ್ತಾನೆ. ನಾನು ಬಂದರೆ "ಹಿಂದೆ ಜಾಗ ಇದೆ ಮೇಡಂ" ಎನ್ನುತ್ತಾನೆ. ನಾನು ಸುತ್ತಿಗೆಯಲ್ಲಿ ಹೊಡೆದರೆ ಕಲ್ಲು ಪುಡಿಪುಡಿ. ಅವಳು ಹೊಡೆದರೆ ಅಂಗೈ ಅಗಲದ ಚೊಕ್ಕ ತುಂಡು ಎದ್ದು ಬರುತ್ತದೆ, ಕಲ್ಲಿಗೂ ಅವಳನ್ನು ಕಂಡರೆ ಮಮತೆ ಇರುವ ಹಾಗೆ. ಬಿಸಿಲಿಗೆ ನಾನು ಸುಟ್ಟ ಬದನೆಕಾಯಿ ಆಗುತ್ತೇನೆ, ಅವಳಿಗೆ ಕೆನ್ನೆ ಕೆಂಪಾಗುತ್ತದೆ. ಇಷ್ಟಕ್ಕೆಲ್ಲ ಹೊಟ್ಟೆ ಉರಿಸಿಕೊಳ್ಳುತ್ತಾರಾ ಅಂತ ನೀವು ಕೇಳಬಹುದು. ಉರಿಸಿಕೊಳ್ಳುತ್ತಾರೆ. ನಾನು ಉರಿಸಿಕೊಂಡಿದ್ದೇನೆ.

ಪಟ್ಟಿಯ ಕಥೆ ಏನು ಅಂತ ಮೊದಲು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನಮ್ಮ ಜಗಳ ಅರ್ಥವಾಗುವುದಿಲ್ಲ. ಎರಡು ಕಡೆ ಬೂದು ಗ್ರಾನೈಟು, ನಡುವೆ ಉದ್ದಕ್ಕೆ ಮಲಗಿದ ಕಡುಹಸಿರು ಕಲ್ಲಿನ ಗುಡ್ಡಸಾಲು. ಒಂದು ಕಾಲಕ್ಕೆ ಅದೆಲ್ಲ ಸಮುದ್ರದ ತಳದಲ್ಲಿ ಹರಿದ ಲಾವಾ. ಆಮೇಲೆ ಭೂಮಿ ಅದನ್ನು ಹಿಂಡಿತು. ನನ್ನ ಲೆಕ್ಕದಲ್ಲಿ ಮೂರು ಸಲ. ಮೊದಲು ಎರಡು ಪಕ್ಕದಿಂದ ಒತ್ತಿ ಮಡಿಕೆ ಎಬ್ಬಿಸಿತು. ಎರಡನೆಯ ಸಲ ತಲೆ ಕಾಲು ಕಡೆಯಿಂದ ಒತ್ತಿ ಆ ಮಡಿಕೆಗಳನ್ನೇ ಮತ್ತೆ ಬಳುಕಿಸಿತು. ಮೂರನೆಯ ಸಲ ಒಂದು ಅಂಚನ್ನು ಹಿಡಿದು ಉದ್ದಕ್ಕೆ ಎಳೆದಾಡಿತು. ಇದನ್ನು ನಮ್ಮಲ್ಲಿ 'ಮೂರು ಹಿಂಡಿನ ಚರಿತ್ರೆ' ಅಂತಲೇ ಕರೆಯುತ್ತಾರೆ. ಈ ವರ್ಷ ಪಟ್ಟಿಯ ಹೊಸ ನಕ್ಷೆ ಅಚ್ಚಾಗಬೇಕಿತ್ತು, ಗೋಡೆಯಷ್ಟು ದೊಡ್ಡದು. ಭೂವಿಜ್ಞಾನ ಕಲಿಸುವ ಪ್ರತಿಯೊಂದು ಕಾಲೇಜಿನ ಗೋಡೆಗೂ ಅದು ಹೋಗುತ್ತದೆ. ಕೆಳಗಡೆ ಮೂಲೆಯಲ್ಲಿ ಒಂದೇ ಹೆಸರು, ನನ್ನದು. ಮಕ್ಕಳಿಲ್ಲದವಳಿಗೆ ಅಷ್ಟು ಆಸೆ ಇರಬಾರದಾ?

ಆಗ ಚೂಟಿ ಬಾಯಿ ಬಿಟ್ಟಳು.

ಒಂದು ಭಾನುವಾರ ಬೆಳಿಗ್ಗೆ ಊಟದ ಮೇಜಿನ ಮೇಲೆ ನನ್ನ ನಕ್ಷೆಗಳನ್ನೆಲ್ಲ ಹರಡಿಕೊಂಡು ಕೂತಿದ್ದಳು. ನಾನೂ ಅಮ್ಮನೂ ಕೆಳಮನೆಯಲ್ಲಿ, ಅವಳೂ ಅವಳ ಗಂಡನೂ ಮಹಡಿ ಮೇಲೆ. ಆದರೆ ಕಾಗದ ಹರಡುವುದಕ್ಕೆ ಅವಳಿಗೆ ನನ್ನ ಮೇಜೇ ಬೇಕು. ಅಮ್ಮ ಒಂದು ತುದಿಯಲ್ಲಿ ಬಟಾಣಿ ಬಿಡಿಸುತ್ತಿದ್ದಳು.

"ಅಕ್ಕ, ಪಶ್ಚಿಮದ ಈ ಗೆರೆ ಹಳೇ ನಕ್ಷೇಲಿ ಚುಕ್ಕಿಗೆರೆ. ಆಮೇಲಿನದ್ರಲ್ಲಿ ಪೂರ್ತಿ ಗೆರೆ ಆಗ್ಬಿಟ್ಟಿದೆ. ಮಧ್ಯೆ ಯಾರಾದ್ರೂ ಅಲ್ಲಿಗೆ ಹೋಗಿದ್ರಾ?"

ಕಣ್ಣಾರೆ ಕಂಡದ್ದಕ್ಕೆ ನಾವು ಪೂರ್ತಿ ಗೆರೆ ಎಳೆಯುತ್ತೇವೆ, ಊಹೆಗೆ ಚುಕ್ಕಿಗೆರೆ.

"ಹೋಗಿರ್ತಾರೆ."

"ಯಾರು?"

"ನನ್ನೇನೇ ಕೇಳ್ತೀಯ? ನಕ್ಷೆ ತಿದ್ದೋನನ್ನ ಕೇಳು."

"ಅವನು ಕುರ್ಚಿ ಬಿಟ್ಟು ಎದ್ದಿದ್ದನ್ನ ಯಾರೂ ನೋಡಿಲ್ವಲ್ಲ ಅಕ್ಕ," ಎಂದು ನಕ್ಕಳು. ನಗು ಮುಗಿಸಿ, ತಟ್ಟೆಯಲ್ಲಿದ್ದ ಬಟಾಣಿ ಒಂದನ್ನು ಬಾಯಿಗೆ ಹಾಕಿಕೊಂಡು, ಹೇಳಿದಳು: "ನಂಗೇನೋ ಪಶ್ಚಿಮದ ಅರ್ಧ ತಲೆಕೆಳಗಾಗಿ ಬಿದ್ದಿದೆ ಅನ್ಸುತ್ತೆ. ನಿನ್ನ ಮೂರು ಹಿಂಡಿಗಿಂತ ಮುಂಚೆ ಇನ್ನೊಂದಿದೆ. ಚಾದರ ಅರ್ಧಕ್ಕೆ ಮಡಚ್ತೀವಲ್ಲ, ಹಾಗೆ ಇಡೀ ಪದರ ಮಗುಚಿಕೊಂಡಿದೆ. ಆಮೇಲೆ ಬಂದಿದ್ದು ನಿನ್ನ ಮೂರು."

ಮೈಯೆಲ್ಲ ಉರಿದು ಹೋಯಿತು. ಅವಳ ಮಾತು ನಿಜವಾದರೆ ನನ್ನ ನಕ್ಷೆಯ ಅರ್ಧಕ್ಕರ್ಧ ಬಣ್ಣ ಅದಲುಬದಲು. ಎಲ್ಲಿ ಹಳೆಯ ಕಲ್ಲು ಅಂದಿದ್ದೆನೋ ಅದು ಹೊಸದು, ಹೊಸದು ಅಂದದ್ದು ಹಳೆಯದು.

"ಆಧಾರ?" ಎಂದೆ.

"ಒಂದು ಸ್ಲೈಡ್ ಇದೆ."

"ಒಂದು ಸ್ಲೈಡಿಗೆ ಒಂದು ಗುಡ್ಡಸಾಲನ್ನ ಮಗುಚಿ ಹಾಕ್ತೀಯಾ? ನಿನ್ನ ಬಾಲ ಸ್ವಲ್ಪ ಮುದುರ್ಕೋ."

"ಕಲ್ಲಿಗೋಸ್ಕರ ಕಚ್ಚಾಡ್ಬೇಡ್ರೇ," ಎಂದಳು ಅಮ್ಮ. "ಅದು ತನ್ನಷ್ಟಕ್ಕೆ ಬಿದ್ದಿದೆ. ಮೇಲಾದ್ರೇನು ಕೆಳಗಾದ್ರೇನು, ಬಟಾಣಿ ಬಿಡಿಸೋಕೆ ಒಂದು ಕೈ ಹಾಕಿ."

ಚೂಟಿ ಸುಮ್ಮನಿರುವ ಪೈಕಿ ಅಲ್ಲ. ನಿರ್ದೇಶಕರ ಕೋಣೆಗೆ ಹೋಗಿ ಅರ್ಧ ಗಂಟೆ ಮಾತಾಡಿದಳು. ನಾನು ಹೋದರೆ ನಿಲ್ಲಿಸಿಯೇ ಮಾತಾಡಿ ಕಳಿಸುವ ಆ ಮನುಷ್ಯ ಅವಳಿಗೆ ಚಹಾ ತರಿಸಿದರಂತೆ. ನಕ್ಷೆ ಅಚ್ಚಿಗೆ ಹೋಗುವ ಮುಂಚೆ ಎಲ್ಲರೂ ಪಟ್ಟಿಗೆ ಹೋಗಿ, ಕಲ್ಲಿನ ಮುಂದೆಯೇ ನಿಂತು ತೀರ್ಮಾನ ಮಾಡುವುದು ಅಂತ ಆಯಿತು. ನನ್ನ ಪಟ್ಟಿಗೆ ನನ್ನನ್ನೇ ಅತಿಥಿ ಮಾಡಿ ಕರೆದ ಹಾಗಿತ್ತು.

ಆ ಪ್ರವಾಸಕ್ಕೆ ವಾರವಿರುವಾಗ ಅವಳು ಇಲಾಖೆಯಲ್ಲಿ ನನ್ನ ಕೋಣೆಯ ಬಾಗಿಲಲ್ಲಿ ನಿಂತಳು. ಕೈಯಲ್ಲಿ ಆ ಸ್ಲೈಡ್, ಹತ್ತಿಯಲ್ಲಿ ಸುತ್ತಿದ್ದಳು.

"ಅಕ್ಕ, ನೀನೊಂದ್ಸಲ ನೋಡು. ನೀನು ಸರಿ ಅಂದ್ರೆ ಮಾತ್ರ ಎಲ್ಲರ ಮುಂದೆ ಇಡ್ತೀನಿ."

ಸ್ಲೈಡ್ ಅಂದರೆ ಬೇರೇನೂ ಅಲ್ಲ, ಬೆಳಕು ಹಾಯುವಷ್ಟು ತೆಳ್ಳಗೆ ಉಜ್ಜಿ ಗಾಜಿಗೆ ಅಂಟಿಸಿದ ಕಲ್ಲಿನ ಪೊರೆ. ಸೂಕ್ಷ್ಮದರ್ಶಕದ ಕೆಳಗಿಟ್ಟೆ. ಮಧ್ಯದಲ್ಲಿ ಗಾರ್ನೆಟ್ ಎಂಬ ಖನಿಜದ ಗುಂಡನೆಯ ಕಾಳು, ಎರಡು ಕಡೆ ಅದಕ್ಕೆ ಬಾಲ. ಕಲ್ಲು ಜಾರುವಾಗ ಇಂಥ ಗಟ್ಟಿ ಕಾಳು ಗೋಲಿಯ ಹಾಗೆ ಉರುಳುತ್ತದೆ. ಬಾಲ ಬಾಗಿದ ರೀತಿ ನೋಡಿ ಯಾವ ಕಡೆಗೆ ಉರುಳಿತು, ಯಾವ ಪದರ ಯಾವುದರ ಮೇಲೆ ಹತ್ತಿತು ಅಂತ ಹೇಳಬಹುದು. ಅವಳ ಕಾಳು ಪಶ್ಚಿಮಕ್ಕೆ ಉರುಳಿತ್ತು. ಅವಳು ಹೇಳಿದ ಹಾಗೆಯೇ. ಹೊಟ್ಟೆಯೊಳಗೆ ಯಾರೋ ಕೆಂಡ ಸುರಿದ ಹಾಗಾಯಿತು. ಒಪ್ಪಿಕೊಳ್ಳಬೇಕು, ಅಂಥ ಅಂದದ ಕಾಳನ್ನು ನಾನು ಯಾವತ್ತೂ ಕಂಡಿರಲಿಲ್ಲ. ನನ್ನ ಪಟ್ಟಿ ನನಗೆ ತೋರಿಸದೆ ಬಚ್ಚಿಟ್ಟುಕೊಂಡದ್ದನ್ನು ಅವಳಿಗೆ ತೋರಿಸಿತ್ತು.

ಅಷ್ಟರಲ್ಲಿ ಮೂಲೆ ಕಣ್ಣಿಗೆ ಬಿತ್ತು.

ನಮ್ಮ ಪ್ರಯೋಗಾಲಯದಲ್ಲಿ ಒಂದು ನಿಯಮವಿದೆ. ಕಲ್ಲಿನ ಬಿಲ್ಲೆಯನ್ನು ಅಂಟಿಸುವ ಮೊದಲು ಮೇಲಿನ ಬಲಮೂಲೆಯಲ್ಲಿ ಸಣ್ಣದೊಂದು ಕಚ್ಚು ಹಾಕುತ್ತೇವೆ, ಯಾವುದು ಮೇಲು ಯಾವ ಮುಖ ಎದುರು ಅಂತ ತಪ್ಪದೆ ಇರಲಿ ಎಂದು. ಚೂಟಿಯ ಸ್ಲೈಡಿನಲ್ಲಿ ಕಚ್ಚು ಎಡಕ್ಕಿತ್ತು. ಸ್ಲೈಡ್ ಮಾಡುವಾತ ರಜೆಯಲ್ಲಿದ್ದ ವಾರ ಅವಳೇ ಅಂಟಿಸಿಕೊಂಡದ್ದು ನನಗೆ ಗೊತ್ತಿತ್ತು. ಅವಸರದಲ್ಲಿ ಬಿಲ್ಲೆಯನ್ನು ಮಗುಚಿ ಅಂಟಿಸಿದ್ದಳು. ಹಾಗೆ ಅಂಟಿಸಿದರೆ ಕಾಗದದ ಬರಹವನ್ನು ಹಿಂದಿನಿಂದ ನೋಡಿದ ಹಾಗೆ ಎಲ್ಲವೂ ತಿರುವುಮುರುವು. ಕಾಳು ಉರುಳಿದ್ದು ಪಶ್ಚಿಮಕ್ಕಲ್ಲ, ಪೂರ್ವಕ್ಕೆ. ಪೂರ್ವಕ್ಕೆ ಅಂದರೆ ನನ್ನ ನಕ್ಷೆ ಸರಿ.

ಹಾಲು ಕುಡಿದಷ್ಟು ಸಂತೋಷವಾಯಿತು ಅನ್ನುತ್ತಾರಲ್ಲ, ಅದು ಸುಳ್ಳಲ್ಲ. ಗಂಟಲಿನಿಂದ ತಣ್ಣಗೆ ಇಳಿದ ಹಾಗೇ ಆಯಿತು. ಇಷ್ಟು ವರ್ಷಕ್ಕೆ ಚೂಟಿ ಒಂದು ತಪ್ಪು ಮಾಡಿದ್ದಳು, ಅದೂ ಕಾಲೇಜು ಹುಡುಗರು ಮಾಡುವಂಥ ತಪ್ಪು. ಈಗಲೇ ಹೇಳಿದರೆ "ಅಯ್ಯೋ ಹೌದಲ್ಲಕ್ಕ" ಎಂದು ತಿದ್ದಿಕೊಂಡು ಹೋಗುತ್ತಾಳೆ, ಯಾರಿಗೂ ಗೊತ್ತಾಗುವುದಿಲ್ಲ. ಎಲ್ಲರೆದುರು ನಿಂತು ಹೇಳುವಾಗ ಕೇಳಿದರೆ? ಮೆತ್ತಗೆ, ಅಕ್ಕರೆಯಿಂದ, "ಕಚ್ಚು ಯಾವ ಕಡೆ ಇತ್ತಮ್ಮ?" ಅಂತ?

ತಲೆಯೆತ್ತಿ ಹೇಳಿದೆ: "ಚೆನ್ನಾಗಿದೆ."

ಅವಳು ನನ್ನ ಮುಖ ನೋಡಿದಳು.

"ತುಂಬಾ ಚೆನ್ನಾಗಿದೆ ಕಣೇ. ಧೈರ್ಯವಾಗಿ ಇಡು."

"ನಿಜವಾಗ್ಲೂ, ಅಕ್ಕ?"

"ಹೂಂ."

ಸ್ಲೈಡನ್ನು ಮತ್ತೆ ಹತ್ತಿಯಲ್ಲಿ ಸುತ್ತಿಕೊಂಡು ಮೆಟ್ಟಿಲಿಳಿದು ಹೋದಳು.

ಆ ವಾರ ನಾನು ಎರಡೆರಡು ಸಲ ಬಡಿಸಿಕೊಂಡು ಉಂಡೆ. "ಏನೇ, ಮುಖದಲ್ಲಿ ಕಳೆ ಬಂದಿದೆ," ಎಂದಳು ಅಮ್ಮ. ಒಂದು ಸಂಜೆ ಮಹಡಿಯಿಂದ ಅವಳು ಜೋರಾಗಿ ಏನೋ ಓದಿಕೊಳ್ಳುವುದು ಕೇಳಿಸಿತು, ಭಾಷಣ ಉರು ಹೊಡೆಯುತ್ತಿದ್ದಳೇನೋ. ಚಿಕ್ಕವಳಿದ್ದಾಗ ಪರೀಕ್ಷೆಯ ಹಿಂದಿನ ದಿನ ಹೀಗೇ ಓದುತ್ತಿದ್ದಳು, ನಾನು ಪಕ್ಕದಲ್ಲಿ ಕೂತು ತಪ್ಪು ಹಿಡಿಯುತ್ತಿದ್ದೆ. ಹೇಳಿಬಿಡೋಣ ಅಂತ ಅರ್ಧ ಮೆಟ್ಟಿಲು ಹತ್ತಿದೆ ಕೂಡ. ಆಗ ಫೋನು ಬಡಿಯಿತು. "ಹೇಳಿ ಸರ್, ನಿಮ್ಮ ಆಶೀರ್ವಾದ ಸರ್," ಎಂದು ನಿರ್ದೇಶಕರ ಜೊತೆ ಅವಳು ನಕ್ಕಳು. ನಾನು ಹತ್ತಿದ ಮೆಟ್ಟಿಲನ್ನೆಲ್ಲ ಇಳಿದು ಬಂದೆ. ಮರುದಿನ ಬೆಳಿಗ್ಗೆ ಅವಳು ಜೀಪು ತೆಗೆದುಕೊಂಡು ಎಲ್ಲಿಗೋ ಹೋದಳು. ಅದರ ಮರುದಿನವೂ ಹೋದಳು. ಎಲ್ಲಿಗೆ ಅಂತ ನಾನು ಕೇಳಲಿಲ್ಲ.

ಪ್ರವಾಸದ ದಿನ ಎರಡು ಜೀಪು ತುಂಬ ಜನ. ಗುಡ್ಡ ಕಡಿದು ರಸ್ತೆ ಮಾಡಿದ ಕಡೆ ಹಸಿರುಕಲ್ಲು ಗೋಡೆಯ ಹಾಗೆ ನಿಂತಿದೆ, ಅದರ ಮುಂದೆ ಟೋಪಿ ಹಾಕಿಕೊಂಡು ಎಲ್ಲರೂ ಅರ್ಧ ವೃತ್ತವಾಗಿ ನಿಂತರು. ನಾನು ಹಿಂದಿನ ಸಾಲಿನಲ್ಲಿ ನಿಂತೆ. ಕೇಳಬೇಕಾದ ಪ್ರಶ್ನೆಯನ್ನು ಮನಸ್ಸಿನಲ್ಲೇ ಹೇಳಿಕೊಂಡು ನಾಲಿಗೆ ಸರಿಮಾಡಿಕೊಳ್ಳುತ್ತಿದ್ದೆ.

ಚೂಟಿ ಮುಂದೆ ಬಂದಳು. ಕಣ್ಣ ಕೆಳಗೆ ಕಪ್ಪಾಗಿತ್ತು.

"ಮೊದಲು ಒಂದು ವಿಷಯ. ಒಂದು ಗಾರ್ನೆಟ್ ಸ್ಲೈಡ್ ತೋರಿಸ್ತೀನಿ ಅಂತ ನಿಮಗೆಲ್ಲ ಹೇಳಿದ್ದೆ. ಅದು ತಪ್ಪು. ಬಿಲ್ಲೆಯನ್ನ ಮಗುಚಿ ಅಂಟಿಸ್ಬಿಟ್ಟಿದ್ದೆ, ನಾನೇ. ಕಚ್ಚು ಎಡಕ್ಕಿದೆ. ಕಂಡು ಹಿಡಿದಿದ್ದು ನಮ್ಮಕ್ಕ."

ಎಲ್ಲರೂ ತಿರುಗಿ ನನ್ನನ್ನು ನೋಡಿದರು. ನಾಲಿಗೆ ಮೇಲಿದ್ದ ಪ್ರಶ್ನೆ ಹಾಗೇ ಒಣಗಿಹೋಯಿತು.

"ಇದಪ್ಪಾ ಕಣ್ಣು ಅಂದ್ರೆ!" ಎಂದರು ನಿರ್ದೇಶಕರು. "ಸ್ವಂತ ತಂಗೀದಾದ್ರೂ ಬಿಡಲಿಲ್ಲ ನೋಡಿ." ಯಾರೋ ಚಪ್ಪಾಳೆ ತಟ್ಟಿದರು, ಉಳಿದವರೂ ತಟ್ಟಿದರು. ಇಲಾಖೆಗೆ ಸೇರಿದಾಗಿನಿಂದ ನನಗೆ ಯಾರೂ ಚಪ್ಪಾಳೆ ತಟ್ಟಿರಲಿಲ್ಲ. ಕಪಾಳಕ್ಕೆ ಒಂದು ಬಿಗಿದಿದ್ದರೂ ಇಷ್ಟು ಉರಿಯುತ್ತಿರಲಿಲ್ಲ.

"ಹಾಗಾಗಿ ಆ ಸ್ಲೈಡನ್ನ ಬಿಟ್ಟು ಕೆಳಗಿನ ತೊರೆಗೆ ಹೋದೆ," ಎಂದಳು ಚೂಟಿ. "ಬನ್ನಿ, ಅಲ್ಲೇ ತೋರಿಸ್ತೀನಿ. ಅಕ್ಕ, ಮೊದಲು ನೀನಿಳಿ."

ಆ ತೊರೆಯನ್ನು ನಾನು ರಸ್ತೆಯಿಂದ ಎಷ್ಟು ಸಲ ನೋಡಿಲ್ಲ! ಕಪ್ಪು ಪಾಚಿ ಕಟ್ಟಿದ ಬಂಡೆ, ಮುಳ್ಳಿನ ಪೊದೆ, ಇಳಿಯುವುದಕ್ಕೆ ಸರಿಯಾದ ದಾರಿಯಿಲ್ಲ. ಈಗ ಪೊದೆ ಸವರಿ ದಾರಿ ಮಾಡಿತ್ತು. ಬಂಡೆಗಳನ್ನು ತಂತಿ ಬ್ರಷ್ಷಿನಿಂದ ಉಜ್ಜಿ ತೊಳೆದಿದ್ದಳು, ಅಡುಗೆಮನೆಯ ಕಟ್ಟೆ ತೊಳೆದ ಹಾಗೆ. ಆ ಎರಡು ಬೆಳಿಗ್ಗೆ ಎಲ್ಲಿಗೆ ಹೋಗಿದ್ದಳು ಎಂದು ಆಗ ತಿಳಿಯಿತು. ನೀರಿನ ಬಾಟಲಿಯನ್ನು ನನ್ನ ಕೈಗೆ ಕೊಟ್ಟಳು. ನಾನು ಮೊಣಕಾಲೂರಿ ಬಂಡೆಯ ಮೇಲೆ ನೀರು ಸುರಿದೆ.

ದಿಂಬುಗಲ್ಲು. ನೀರೊಳಗೆ ಉಕ್ಕಿದ ಲಾವಾ ಕೂಡಲೇ ತಣಿದು ದಿಂಬು ದಿಂಬಾಗಿ ಒಂದರ ಮೇಲೊಂದು ಕೂರುತ್ತದೆ. ಪ್ರತಿ ದಿಂಬಿನ ಮೇಲ್ಭಾಗ ಉಬ್ಬು. ಕೆಳಭಾಗ ಮೆತ್ತಗಿರುವಾಗಲೇ ಕೆಳಗಿನ ಎರಡು ದಿಂಬುಗಳ ಸಂದಿಗೆ ಇಳಿದು ಚೂಪಾಗಿ ಜೋತುಬೀಳುತ್ತದೆ. ಆ ಚೂಪು ಯಾವಾಗಲೂ ಸಮುದ್ರದ ತಳದ ಕಡೆಗೆ, ಅಂದರೆ ಕೆಳಕ್ಕೆ. ಇದನ್ನು ಚೂಟಿಗೆ ಕಲಿಸಿದವಳೂ ನಾನೇ.

ನನ್ನ ಮುಂದಿದ್ದ ದಿಂಬಿನ ಚೂಪು ಆಕಾಶ ನೋಡುತ್ತಿತ್ತು. ಪಕ್ಕದ್ದರದೂ ಅಷ್ಟೇ. ಅದರ ಪಕ್ಕದ್ದೂ. ಒಂದೆರಡು ಹೀಗಿರುತ್ತವೆ, ಸಣ್ಣ ಮಡಿಕೆಯಲ್ಲಿ ಸಿಕ್ಕಿಕೊಂಡಿರಬಹುದು ಎಂದುಕೊಂಡು ತೊರೆಯಲ್ಲಿ ಮೇಲಕ್ಕೆ ಹೋದೆ, ಕೆಳಕ್ಕೆ ಬಂದೆ. ಉಳಿದವರು ನೆರಳಿನಲ್ಲಿ ಕೂತು ಬಿಸ್ಕತ್ತು ತಿನ್ನುತ್ತಿದ್ದರು. ನನಗೆ ಬೇಕಾಗಿದ್ದದ್ದು ಒಂದೇ ಒಂದು ನೆಟ್ಟಗಿರುವ ದಿಂಬು. ಸಿಗಲಿಲ್ಲ. ಸಾಲಿಗೆ ಸಾಲೇ ತಲೆಕೆಳಗಾಗಿ ಮಲಗಿತ್ತು.

"ಹಾಗಾದ್ರೆ ಆ ಗಾರ್ನೆಟ್ಟು?" ಎಂದೆ. ನನ್ನ ದನಿ ನನಗೇ ಚಿಕ್ಕದಾಗಿ ಕೇಳಿಸಿತು. "ಅದು ಪೂರ್ವಕ್ಕೆ ಉರುಳಿದೆಯಲ್ಲ."

"ಅದು ಹುಟ್ಟಿದ್ದು ನಿನ್ನ ಮೂರನೇ ಹಿಂಡಲ್ಲಿ ಅಕ್ಕ, ಮಗುಚಿ ಎಷ್ಟೋ ಕಾಲ ಆದ್ಮೇಲೆ. ಅದು ಯಾವ ಕಡೆಗಾದ್ರೂ ಉರುಳ್ಲಿ, ಇದಕ್ಕೂ ಅದಕ್ಕೂ ಸಂಬಂಧಾನೇ ಇಲ್ಲ. ನಾವಿಬ್ರೂ ಸುಮ್ನೆ ಅದನ್ನ ಹಿಡ್ಕೊಂಡು ಜಗ್ಗಾಡಿದ್ವಿ."

ನಿರ್ದೇಶಕರು ಪ್ಯಾಂಟಿನ ಧೂಳು ಕೊಡವಿಕೊಂಡು ಎದ್ದು ಬಂದರು. "ಏನು ಹೇಳ್ತೀರಿ ಮೇಡಂ? ಸ್ಲೈಡಿನ ತಪ್ಪು ಹಿಡಿದೋರು ನೀವು. ಈಗ ಯಾರ ನಕ್ಷೆ ಅಚ್ಚಿಗೆ ಹೋಗ್ಬೇಕು ಅನ್ನೋದನ್ನೂ ನೀವೇ ಹೇಳಿ. ನಿಮ್ಮ ಮಾತೇ ಕೊನೆ."

ನೋಡಿ, ಎಂಥ ಕೆಲಸ ಮಾಡಿಟ್ಟಿದ್ದಳು. ಅವಳ ಒಂದು ಸುಳ್ಳಿನಿಂದ ಎಲ್ಲವೂ ನನ್ನ ಕೈಗೆ ಬಂದಿತ್ತು. 'ಇನ್ನಷ್ಟು ಅಧ್ಯಯನ ಬೇಕು' ಅಂದರೆ ಸಾಕಿತ್ತು. ನಮ್ಮ ಇಲಾಖೆಯಲ್ಲಿ ಆ ಒಂದು ಮಾತಿನಡಿ ಎಷ್ಟು ಜನರ ಕೆಲಸ ಹೂತುಹೋಗಿದೆ! ನನ್ನ ನಕ್ಷೆ ಅಚ್ಚಾಗುತ್ತದೆ, ಕಾಲೇಜುಗಳ ಗೋಡೆ ಹತ್ತುತ್ತದೆ, ನಾನು ನಿವೃತ್ತಿಯಾಗುವವರೆಗೆ ಯಾರೂ ಈ ತೊರೆಗೆ ಇಳಿಯುವುದಿಲ್ಲ. ಮಾತು ಗಂಟಲಿಗೆ ಬಂದಿತ್ತು ಕೂಡ. ಚೂಟಿಯ ಕಡೆ ನೋಡಿದೆ. ಅವಳು ನನ್ನನ್ನು ನೋಡುತ್ತಿರಲಿಲ್ಲ. ಕುಕ್ಕರುಗಾಲಲ್ಲಿ ಕೂತು ಬ್ರಷ್ಷಿಗೆ ಮೆತ್ತಿದ ಪಾಚಿ ತೊಳೆಯುತ್ತಿದ್ದಳು.

ಮತ್ತೆ ಕಲ್ಲಿನ ಕಡೆ ನೋಡಿದೆ. ಒದ್ದೆ ಕಲ್ಲು ಬಿಸಿಲಿಗೆ ಒಣಗುತ್ತಿತ್ತು, ಚೂಪುಗಳು ಒಂದೊಂದೂ ಮೇಲಕ್ಕೇ ಇದ್ದವು. ಅದನ್ನು ನೋಡಿದ ಮೇಲೆ ಇಲ್ಲ ಅನ್ನುವಷ್ಟು ಕೆಟ್ಟವಳಾಗುವುದಕ್ಕೆ ನನ್ನಿಂದ ಆಗಲಿಲ್ಲ. ಆಗಿದ್ದರೆ ಖಂಡಿತ ಆಗುತ್ತಿದ್ದೆ.

"ಅವಳದ್ದು," ಎಂದೆ.

"ಇಬ್ಬರ ಹೆಸರೂ ಹಾಕೋಣ," ಎಂದರು ನಿರ್ದೇಶಕರು ಧಾರಾಳವಾಗಿ. "ಅವಳದ್ದು ಮೊದಲು, ನಿಮ್ಮದು ಆಮೇಲೆ." ಅದಕ್ಕೂ ಹೊಟ್ಟೆ ಉರಿಯಿತು. ಉರಿಯಲಿಲ್ಲ ಅಂದರೆ ಸುಳ್ಳಾಗುತ್ತದೆ.

ವಾಪಸು ಬರುವಾಗ ಚೂಟಿ ಮುಂದಿನ ಸೀಟು ಬಿಟ್ಟು ಹಿಂದೆ ನನ್ನ ಪಕ್ಕ ಬಂದು ಕೂತಳು. ನಮ್ಮಿಬ್ಬರ ಕಾಲಿನ ಮಧ್ಯೆ ಕಲ್ಲಿನ ಚೀಲಗಳು.

"ಯಾಕೆ ಹಾಗಂದೆ?" ಎಂದು ಕೇಳಿದೆ. "ನಾನೆಲ್ಲೇ ಕಂಡುಹಿಡಿದೆ?"

"ನೀನು ಕಂಡುಹಿಡಿದಿದ್ದೆ. ಹೇಳಲಿಲ್ಲ ಅಷ್ಟೇ."

ಕಿಟಕಿಯಾಚೆ ನೋಡಿದೆ.

"ನೀನು ಚೆನ್ನಾಗಿದೆ ಅಂದ್ಯಲ್ಲ ಅಕ್ಕ, ಅದ್ರಿಂದ ಗೊತ್ತಾಯ್ತು," ಎಂದಳು. "ನಾನು ಹುಟ್ಟಿದಾಗಿಂದ ಒಂದು ದಿನ ನನಗೆ ಆ ಮಾತು ಹೇಳಿದೀಯಾ ನೀನು? ಕಾಲೇಜಿಗೇ ಮೊದಲು ಬಂದಾಗ, ಬೇರೆಯೋರು ಓದಿರಲ್ಲ ಅಂದೆ. ಇಲಾಖೆಗೆ ಸೇರ್ದಾಗ, ಜಾಗ ಖಾಲಿ ಇತ್ತು ಅಂದೆ. ನೀನು ಹೊಗಳಿದೀಯ ಅಂದ್ರೆ ಎಲ್ಲೋ ಏನೋ ಎಡವಟ್ಟಾಗಿದೆ ಅಂತ ಮೊದಲಿಂದ ಎಲ್ಲಾನೂ ತೆಗೆದು ನೋಡ್ದೆ. ಕಚ್ಚು ಸಿಕ್ತು."

"ಸಿಕ್ಕಿದ್ಮೇಲೆ ಎಲ್ಲರ ಮುಂದೆ ನನ್ನ ಮಾನ ಕಳೀಬಹುದಿತ್ತಲ್ಲ. ನಾನು ನಿಂದು ಕಳೀಬೇಕು ಅಂತಾನೇ ನಿಂತಿದ್ದೆ."

"ಕಳೆದಿದ್ರೆ ನೀನು ತೊರೆಗಿಳೀತಿದ್ಯಾ? ರಸ್ತೆ ಮೇಲೇ ನಿಂತು ಕೂಗಾಡಿ ಮನೆಗೆ ಹೋಗ್ತಿದ್ದೆ. ನಿರ್ದೇಶಕರಿಗೇನು ಗೊತ್ತು ಅಕ್ಕ, ಅವರು ಬಿಸ್ಕತ್ತು ತಿಂತಾ ಕೂತಿದ್ರು. ನೀನು ಬಗ್ಗಿ ನೋಡೋವರೆಗೂ ಅದು ಸರಿ ಅಂತ ನಂಗೆ ಹೇಗೆ ಗೊತ್ತಾಗ್ಬೇಕು?"

ನನ್ನನ್ನು ಇಷ್ಟು ಚೆನ್ನಾಗಿ ಬಲ್ಲಳು, ಬಲ್ಲವಳಾಗಿಯೂ ಪಕ್ಕದಲ್ಲಿ ಬಂದು ಕೂತಿದ್ದಾಳೆ. ಆ ದೊಡ್ಡ ಮನಸ್ಸಿಗೂ ನನಗೆ ಅಸೂಯೆಯಾಯಿತು. ಅದೂ ಅವಳಿಗೇ ಸಿಕ್ಕಿದೆಯಲ್ಲ ಅಂತ.

ಚೂಟಿ ಚೀಲದ ದಾರವನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಿದ್ದಳು.

"ಆದ್ರೂ ಅಕ್ಕ," ಎಂದಳು ಮೆಲ್ಲಗೆ, "ನಿನ್ನ ಕೋಣೆಯಿಂದ ಹೊರಟು ಮೆಟ್ಟಿಲು ಇಳಿದು ಮುಗಿಯೋವರೆಗೂ ನಾನು ನಿನ್ನ ಆ ಮಾತನ್ನ ನಿಜ ಅಂತಾನೇ ಅಂದ್ಕೊಂಡಿದ್ದೆ."

ಅವಳ ದಿಂಬುಗಲ್ಲು ಚೆನ್ನಾಗಿತ್ತು. ನನ್ನ ಜೀವಮಾನದಲ್ಲಿ ಅಷ್ಟು ಚೆನ್ನಾದ ಕೆಲಸವನ್ನು ನಾನು ಕಂಡಿರಲಿಲ್ಲ, ಮಾಡಿಯೂ ಇರಲಿಲ್ಲ. ಹಾಗಂತ ಹೇಳುವುದಕ್ಕೆ ಬಾಯಿ ತೆರೆದೆ. ಅವಳು ತಟ್ಟನೆ ನನ್ನ ಕಡೆ ತಿರುಗಿದಳು, ಕಣ್ಣಿನಲ್ಲಿ ಎಲ್ಲಿ ತಪ್ಪಾಯಿತೋ ಅನ್ನುವ ಹೆದರಿಕೆ. ನಾನು ಬಾಯಿ ಮುಚ್ಚಿಕೊಂಡೆ.